ಹಿನ್ನೀರಿನ ತೆಪ್ಪ, ಕಣಿಕೆಯ ಮರೆ: ಎರಡು ಚಳಿಗಾಲ, ಏಳು ಬೆಳಗು

ಈ ಸೇವೆಗೆ ಹೆಸರಿಲ್ಲ, ಬೋರ್ಡಿಲ್ಲ, ರಸೀದಿಯೂ ಇಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಹಿರಿಯರೊಬ್ಬರು ಚಳಿಗಾಲದಲ್ಲಿ ಹಕ್ಕಿ ಫೋಟೋ ತೆಗೆಯುವವರನ್ನು ತಮ್ಮ ತೆಪ್ಪದಲ್ಲಿ ಕರೆದುಕೊಂಡು ಹೋಗುತ್ತಾರೆ. ದಂಡೆಯಲ್ಲಿ ಜೋಳದ ಕಣಿಕೆ, ಅಂದರೆ ಒಣಗಿದ ದಂಟು, ಕಟ್ಟಿ ಮಾಡಿದ ಮರೆಯಲ್ಲಿ ಕೂರಿಸುತ್ತಾರೆ. ಬೆಳಗಿನ ಸುತ್ತಿಗೆ 800 ರೂಪಾಯಿ. ಒಬ್ಬರು ಹೋದರೂ ಅಷ್ಟೇ, ಇಬ್ಬರು ಹೋದರೂ ಅಷ್ಟೇ. ಮೂರನೆಯವರನ್ನು ಎಷ್ಟು ಕೇಳಿಕೊಂಡರೂ ಕೂರಿಸಿಕೊಳ್ಳುವುದಿಲ್ಲ.

ನಾನು ಬಾಗಲಕೋಟೆ ನವನಗರದಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರ್. ಕಳೆದ ಚಳಿಗಾಲ ಮತ್ತು ಈ ಚಳಿಗಾಲ ಸೇರಿ ಏಳು ಸಲ ಅವರ ಜೊತೆ ಹೋಗಿದ್ದೇನೆ. ನನ್ನ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ500. ಎರಡು ಲೆನ್ಸ್ ಇವೆ, 200-500 ಎಂಎಂ ಮತ್ತು 70-300 ಎಂಎಂ. ಗೆಳತಿಯರು ಕೇಳುತ್ತಲೇ ಇದ್ದಾರೆ, "ಎಲ್ಲಿಗೆ ಹೋಗ್ತೀರಿ, ಹೇಗೆ ಹೋಗ್ತೀರಿ, ದುಡ್ಡಿಗೆ ತಕ್ಕ ಹಾಗಿದೆಯಾ" ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬಾಗಲಕೋಟೆಯಿಂದ ಅನಗವಾಡಿ ಸೇತುವೆ ದಾಟಿ ಬೀಳಗಿ ಕಡೆ ಅಂದರೆ ಸಾಕು. ಕಾಕಾ ಅವರೇ ಹಾಗೆ ಕೇಳಿಕೊಂಡಿದ್ದಾರೆ. "ಅಕ್ಕೋರ, ಹೆಸರ ಹಾಕಿದ್ರ ಕಾರು ಬರ್ತಾವ್ರಿ, ಕಾರು ಬಂದ್ರ ಹಕ್ಕಿ ಹೋಗ್ತಾವ" ಅಂದರು. ನಾನು ಅವರನ್ನು ಕಾಕಾ ಅನ್ನುತ್ತೇನೆ. ಟೀಚರ್ ಅಂತ ಗೊತ್ತಾದ ದಿನದಿಂದ ಅವರು ನನ್ನನ್ನು ಅಕ್ಕೋರ ಅನ್ನುತ್ತಾರೆ.

ಬೆಳಿಗ್ಗೆ 5:45ಕ್ಕೆ ದಂಡೆಯಲ್ಲಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಏಳು ಗಂಟೆಯ ಹತ್ತಿರ. ಕತ್ತಲಿರುವಾಗಲೇ ಮರೆಯೊಳಗೆ ಕೂತು, ಚಹಾ ಕುಡಿದು, ಕೆಮ್ಮಿ ಮುಗಿಸಿರಬೇಕು. ಬೆಳಕು ಬಂದ ಮೇಲೆ ಬಂದವರನ್ನು ಅವರು ಒಳಗೆ ಬಿಡುವುದಿಲ್ಲ. ಒಂದು ದಿನ ಬೇರೆ ಊರಿನಿಂದ ಬಂದ ಇಬ್ಬರು ಅರ್ಧ ತಾಸು ತಡವಾಗಿ ಬಂದು ಹಾಗೇ ಮರಳಿ ಹೋದದ್ದನ್ನು ನಾನೇ ನೋಡಿದ್ದೇನೆ. ಅವರಿಗೆ ಬೇಜಾರಾಗಿತ್ತು, ಪಾಪ. ಆದರೆ ಆ ಹೊತ್ತಿಗೆ ನೀರಿನ ಅಂಚಿನಲ್ಲಿ ನೂರಾರು ಹಕ್ಕಿ ಕೂತಿದ್ದವು. ಇಬ್ಬರು ಎದ್ದು ನಡೆದು ಬಂದಿದ್ದರೆ ಎಲ್ಲವೂ ಹಾರಿ ಹೋಗುತ್ತಿದ್ದವು.

ಮೊದಲ ದಿನ ನಾನು ಕ್ಯಾಮೆರಾ ಚೀಲ ತೆರೆದು ದೊಡ್ಡ ಲೆನ್ಸ್ ಹಾಕುತ್ತಿದ್ದೆ. ಕಾಕಾ ಅದನ್ನು ನೋಡಲೇ ಇಲ್ಲ. ಹೆಗಲ ಮೇಲಿನ ಟವೆಲ್ ತೆಗೆದು, ಒಂದು ತುದಿ ಹಿಡಿದು ಗಾಳಿಗೆ ಬಿಟ್ಟರು. ಟವೆಲ್ ಪಡುವಣಕ್ಕೆ ಬೀಸಿತು. "ಮೂಡಲ ಗಾಳಿ ಐತಿ. ಇವತ್ತ ಈ ದಂಡಿನ ಛಲೋ" ಅಂದರು.

ಆ ಒಂದು ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಭೇಟಿ ಬೇಕಾದವು. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಎದುರುಗಾಳಿ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ, ಹಾಗಾಗಿ ಕಡಿಮೆ ಓಟದಲ್ಲಿ ಏಳಬಹುದು, ನಿಧಾನವಾಗಿ ಇಳಿಯಬಹುದು. ವಿಮಾನದ ಲೆಕ್ಕವೇ ಇದಕ್ಕೂ. ನಮ್ಮ ಕಡೆ ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಣ, ಈಶಾನ್ಯದ ಕಡೆಯಿಂದ ಬೀಸುತ್ತದೆ. ಬೆಳಿಗ್ಗೆ ಸೂರ್ಯನೂ ಅಲ್ಲೇ. ಮೂಡಣ ದಂಡೆಯಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು ಕೂತರೆ ಇಳಿಯುವ ಹಿಂಡು ನಮ್ಮ ಕಡೆಗೇ ಮುಖ ಮಾಡಿ ಬರುತ್ತದೆ. ಅದೇ ಹೊತ್ತಿಗೆ ಎಳೆ ಬಿಸಿಲು ಅವುಗಳ ಮುಖದ ಮೇಲೆ ಬೀಳುತ್ತದೆ. ಗಾಳಿ, ಬೆಳಕು ಎರಡೂ ನಮ್ಮ ಬೆನ್ನಿಗೆ. ಚಳಿಗಾಲದ ಬೆಳಗು ನಮ್ಮ ಜಿಲ್ಲೆಯ ಹಕ್ಕಿ ಫೋಟೋಗೆ ಇಷ್ಟು ಅನುಕೂಲ ಮಾಡಿಕೊಡುತ್ತದೆ ಅಂತ ಯಾವ ಕ್ಯಾಮೆರಾ ಅಂಗಡಿಯವರೂ ನನಗೆ ಹೇಳಿರಲಿಲ್ಲ.

ಗಾಳಿ ತಿರುಗಿದ ದಿನ ಕಾಕಾ ತೆಪ್ಪದಲ್ಲಿ ಬೇರೆ ಜಾಗಕ್ಕೆ ಕರೆದೊಯ್ಯುತ್ತಾರೆ. ಇಂಥ ಮರೆ ಒಟ್ಟು ಮೂರು ಇವೆ. ಮೂರೂ ಕಣಿಕೆಯವೇ. ಹಿಂಗಾರಿ ಜೋಳದ ನಾಡಿನಲ್ಲಿ ಕಣಿಕೆಯ ಬಣವೆ ಎಲ್ಲಿ ನೋಡಿದರೂ ಇರುತ್ತದೆ. ಹಕ್ಕಿಗಳಿಗೂ ಅದು ಹೊಸದಲ್ಲ. ಹಸಿರು ಬಣ್ಣದ ಪೇಟೆಯ ಗುಡಾರಕ್ಕಿಂತ ಇದು ಎಷ್ಟೋ ಪಾಲು ಮೇಲು. ನೆಲಕ್ಕೆ ಗೋಣಿಚೀಲ ಹಾಸಿರುತ್ತಾರೆ. ಲೆನ್ಸ್ ಇಡಲು ಜೋಳ ತುಂಬಿದ ಸಣ್ಣ ಚೀಲ ಕೊಡುತ್ತಾರೆ. ನಾನು ಟ್ರೈಪಾಡ್ ಒಯ್ಯುವುದನ್ನೇ ಬಿಟ್ಟಿದ್ದೇನೆ. ಎರಡು ಕಿಲೋ ದಾಟುವ ಲೆನ್ಸ್ ಆ ಚೀಲದ ಮೇಲೆ ಅಲುಗಾಡದೆ ಕೂರುತ್ತದೆ. ಕಣ್ಣು ಹಕ್ಕಿಯ ಎತ್ತರಕ್ಕೆ ಬರುತ್ತದೆ. ಎತ್ತರದಿಂದ ತೆಗೆದರೆ ಹಿಂದೆಲ್ಲ ಕೆಸರೇ ಕಾಣುತ್ತದೆ. ನೆಲಕ್ಕೆ ಅಂಟಿ ತೆಗೆದರೆ ಹಿಂದೆ ದೂರದ ನೀರು, ಮಂಜು, ಆಚೆ ದಂಡೆಯ ಗುಡ್ಡ ಬರುತ್ತವೆ.

ಇನ್ನು ನಾನು ಬಹಳ ಮುಖ್ಯ ಅಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ.

ಈ ನೀರು ಮೊದಲು ಇರಲಿಲ್ಲ. ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರು. ಈಗ ಜಲಾಶಯಕ್ಕೆ ಅವರದೇ ಹೆಸರು. ಅದು 519.6 ಮೀಟರ್ ಮಟ್ಟಕ್ಕೆ ತುಂಬಿದಾಗ ಕೃಷ್ಣೆ ಹಿಂದಕ್ಕೆ ಸರಿದು ಘಟಪ್ರಭೆಯ ಬಯಲನ್ನೂ ಮುಳುಗಿಸುತ್ತದೆ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ನಮ್ಮ ನವನಗರ ಎದ್ದಿತು. ಬೀಳಗಿ ಕಡೆಯ ಎಷ್ಟೋ ಊರುಗಳು ಎತ್ತರದ ಜಾಗಕ್ಕೆ ಸ್ಥಳಾಂತರವಾದವು. ಕಾಕಾ ಅವರ ಊರೂ ಅವುಗಳಲ್ಲಿ ಒಂದು. ಅವರು ಈಗ ಹುಟ್ಟು ಹಾಕುವುದು ತಮ್ಮ ಹಳೆಯ ಹೊಲಗಳ ಮೇಲೆಯೇ.

ಮಳೆಗಾಲದಲ್ಲಿ ತುಂಬಿದ ನೀರು ಚಳಿಗಾಲದಲ್ಲಿ ಕಾಲುವೆಗೆ, ಕರೆಂಟಿಗೆ, ಕುಡಿಯಲು ಅಂತ ಇಳಿಯುತ್ತ ಹೋಗುತ್ತದೆ. ವಾರವಾರಕ್ಕೂ ದಂಡೆ ಒಳಗೆ ಸರಿಯುತ್ತದೆ. ಎಲ್ಲಿ ನೀರು ತೆಳುವಾಗುತ್ತದೋ ಅಲ್ಲಿ ಹಕ್ಕಿ ಸೇರುತ್ತವೆ. ರಾಜಹಂಸ, ಅಂದರೆ ಫ್ಲೆಮಿಂಗೊ, ಉದ್ದ ಕಾಲಿನದು. ತಲೆ ತಲೆಕೆಳಗು ಮಾಡಿ ಕೊಕ್ಕನ್ನು ನೀರಲ್ಲಿ ಆಡಿಸಿ ಸಣ್ಣ ಹುಳು, ಪಾಚಿಗಳನ್ನು ಸೋಸಿ ತಿನ್ನುತ್ತದೆ. ಅದಕ್ಕೆ ತೆಳುವಾದ ನೀರು, ಮೆತ್ತನೆಯ ಕೆಸರು ಬೇಕು. ನೀರ ಮೇಲಿನಿಂದ ನೋಡಿದರೆ ಎಲ್ಲ ಕಡೆ ಒಂದೇ ತೆರನಾದ ಬಿಳಿ ಹಾಳೆ. ಕೆಳಗೆ ಎಲ್ಲಿ ಎಷ್ಟು ಆಳ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಕಾಕಾಗೆ ಗೊತ್ತು. ಕಳೆದ ಫೆಬ್ರವರಿಯಲ್ಲಿ ತೆಪ್ಪದಲ್ಲಿ ಕೂತು ನಾನು ಕೇಳಿದೆ, "ಕಾಕಾ, ನಿಮಗ ಹೆಂಗ ತಿಳೀತದ್ರಿ ಇಲ್ಲೇ ಬರ್ತಾವಂತ?" ಅವರು ಹುಟ್ಟು ನಿಲ್ಲಿಸಿ ಕೈ ತೋರಿಸುತ್ತಾ ಹೋದರು. "ಇದು ಗೌಡರ ಎರಿ ಹೊಲ, ತೆಗ್ಗ. ಇಲ್ಲಿ ಇನ್ನೂ ಆಳ ಐತಿ. ಅಲ್ಲಿ ಬದುವು. ಆ ಬದುವಿನ ಮ್ಯಾಲೆ ಈಗ ಮಳಕಾಲ ನೀರು. ಅದರಾಚೆ ನಮ್ಮ ಸಾಲಿ ದಿಬ್ಬಿ. ನಾ ನಾಕನೇತ್ತಾ ತನಾ ಕಲತ ಸಾಲಿ. ಅದು ಎದ್ದ ವಾರಕ್ಕ ಕೆಂಪ ರೆಕ್ಕಿ ಹಕ್ಕಿ ಬರ್ತಾವ ನೋಡ್ರಿ." ಶಾಲೆಯ ಗೋಡೆ ಈಗಿಲ್ಲ. ಬುನಾದಿಯ ಕಲ್ಲುಗಳು ಮಾತ್ರ ನೀರ ಮಟ್ಟಕ್ಕೆ ಸರಿಯಾಗಿ ಕಾಣುತ್ತಿದ್ದವು. ಅದರ ಸುತ್ತ ನೂರಾರು ರಾಜಹಂಸ ತಲೆ ತಗ್ಗಿಸಿ ಮೇಯುತ್ತಿದ್ದವು.

ನಾನು ಆ ಹೊತ್ತು ತುಂಬಾ ಹೊತ್ತು ಕ್ಯಾಮೆರಾ ಎತ್ತಲಿಲ್ಲ. ನಾನೂ ಸಾಲಿಯವಳೇ ಅಲ್ವಾ.

800 ರೂಪಾಯಿ ಕೊಟ್ಟು ನೀವು ತಗೊಳ್ಳುವುದು ಈ ತಿಳಿವಳಿಕೆ. ತೆಪ್ಪ ಯಾರದಾದರೂ ಸಿಗುತ್ತದೆ. ಮುಳುಗಿದ ಹೊಲದ ಏರುತಗ್ಗು ಕಣ್ಣಲ್ಲಿಟ್ಟುಕೊಂಡವರು ಸಿಗುವುದು ಕಷ್ಟ. ಅವರು "ಈ ಕಡೆ" ಅಂದರೆ ನಾನು ಮರುಮಾತಿಲ್ಲದೆ ಆ ಕಡೆ ಕೂರುತ್ತೇನೆ.

ಡಿಸೆಂಬರ್‌ನ ಹೆಚ್ಚುಗಾರಿಕೆ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುವ ಹಕ್ಕಿ. ಜಿಪಿಎಸ್ ಕಟ್ಟಿ ನೋಡಿದಾಗ ಒಂದು ಹೆಬ್ಬಾತು 7,000 ಮೀಟರ್‌ಗೂ ಎತ್ತರ ಹಾರಿದ್ದು ದಾಖಲಾಗಿದೆ. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಗೇ ಹೆಸರುವಾಸಿ. 2024ರಲ್ಲಿ ಅದು ರಾಮ್‌ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೂ, ಸೇರಿತು. ರಾತ್ರಿ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯ್ದು, ಬೆಳಿಗ್ಗೆ ನೀರಿಗೆ ಮರಳುವುದು ಇವುಗಳ ರೂಢಿ. ಆ ಮರಳುವ ಹೊತ್ತು ಫೋಟೋದ ಹೊತ್ತು.

ಈ ಸಲ ಡಿಸೆಂಬರ್‌ನ ಎರಡನೇ ಭಾನುವಾರ ಹೋಗಿದ್ದೆ. ಮೈ ಕೊರೆಯುವ ಚಳಿ. ನೀರಿನ ಮೇಲೆ ಆಳೆತ್ತರ ಮಂಜು. ಮೊದಲು ಸದ್ದು ಬಂತು. ಮೂಗಿನಿಂದ ಕೂಗಿದಂತೆ "ಆಂಗ್, ಆಂಗ್". ಕಾಕಾ ನನ್ನ ಮೊಣಕೈ ಮುಟ್ಟಿ ಹಿಂದಕ್ಕೆ ತೋರಿಸಿದರು. ಹಿಂಡು ನಮ್ಮ ತಲೆಯ ಮೇಲಿಂದ ಹೊಲದ ಕಡೆಯಿಂದ ಬಂತು. ನೀರಿನ ಮೇಲೆ ದೊಡ್ಡದಾಗಿ ಒಂದು ಸುತ್ತು ಹೊಡೆದು ಗಾಳಿಗೆ ಎದುರಾಯಿತು. ಅಂದರೆ ನಮಗೆ ಎದುರಾಯಿತು. ರೆಕ್ಕೆ ಬಿಗಿ ಹಿಡಿದು, ಕಾಲು ಮುಂದೆ ಚಾಚಿ, ಒಂದರ ಹಿಂದೆ ಒಂದು ಮಂಜಿನೊಳಗೆ ಇಳಿದವು. ಇನ್ನೊಂದು ಹಿಂಡು. ಮತ್ತೊಂದು. ಮುಕ್ಕಾಲು ತಾಸು ಇದೇ. ಆ ದಿನ ಒಂದೇ ಒಂದು ಹಕ್ಕಿಯೂ ನಮ್ಮನ್ನು ನೋಡಿ ಹೆದರಲಿಲ್ಲ. ನಾನು 900 ಫೋಟೋ ತೆಗೆದೆ. ಮನೆಯಲ್ಲಿ ಕೂತು ಉಳಿಸಿಕೊಂಡದ್ದು 14. ಅವುಗಳಲ್ಲಿ ಒಂದನ್ನು ನಮ್ಮ ಲ್ಯಾಬ್ ಗೋಡೆಗೆ ಹಾಕಿದ್ದೇವೆ.

ಇದಕ್ಕೂ ಮುಂಚಿನ ನನ್ನ ಅನುಭವವನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಯಾಕೆ ಇಷ್ಟು ಹೊಗಳುತ್ತಿದ್ದೇನೆ ಅಂತ ತಿಳಿಯುವುದಿಲ್ಲ. ಮೂರು ವರ್ಷದ ಹಿಂದೆ ನಾನು ಬೇರೆ ಒಂದು ಕಡೆ, ಬೇರೆ ಒಬ್ಬರು ನಡೆಸುವ ಫೋಟೋ ಟೂರ್‌ಗೆ ಹೋಗಿದ್ದೆ. ಹೆಸರು ಬೇಡ. ಎಂಟು ಜನ, ಮೋಟಾರ್ ಬೋಟ್. ರಾಜಹಂಸಗಳ ಹಿಂಡು ಕಂಡ ಕೂಡಲೇ ಬೋಟನ್ನು ನೇರ ಅದರ ಕಡೆಗೇ ಓಡಿಸಿದರು. "ರೆಡಿ ಇರಿ, ಈಗ ಹಾರ್ತಾವೆ" ಅಂತ ಕೂಗಿದರು. ಹಾರಿದವು. ಎಲ್ಲರ ಕ್ಯಾಮೆರಾ ಒಟ್ಟಿಗೆ ಸದ್ದು ಮಾಡಿತು. ಹಿಂಡು ದೂರ ಹೋಗಿ ಕೂತಿತು. ಬೋಟ್ ಅಲ್ಲಿಗೂ ಹೋಯಿತು. ಒಂದು ಬೆಳಗಿನಲ್ಲಿ ನಾಲ್ಕು ಸಲ ಎಬ್ಬಿಸಿದರು. ನಾನೂ ಆ ಬೋಟಿನಲ್ಲಿದ್ದೆ, ನಾನೂ ಬಟನ್ ಒತ್ತಿದೆ. ಅದು ಈಗಲೂ ಮನಸ್ಸನ್ನು ಚುಚ್ಚುತ್ತದೆ.

ಮನೆಗೆ ಬಂದು ಫೋಟೋ ನೋಡಿದೆ. ಎಲ್ಲವೂ ಬೆನ್ನು, ಬಾಲ, ಹಿಂದಕ್ಕೆ ಚಾಚಿದ ಕಾಲು. ಹೆದರಿದ ಹಿಂಡು ನಮಗೆ ಬೆನ್ನು ತೋರಿಸಿಯೇ ಹಾರುತ್ತದೆ, ಅಲ್ವಾ? ಅದು ನನಗೆ ಅಂದು ಹೊಳೆಯಿತು. ಫ್ಲೆಮಿಂಗೊ ಸುಮ್ಮನೆ ಎದ್ದು ಹಾರುವ ಹಕ್ಕಿಯೂ ಅಲ್ಲ. ನೀರಿನ ಮೇಲೆ ಹತ್ತಾರು ಹೆಜ್ಜೆ ಓಡಿ ಏಳಬೇಕು. ಪ್ರತಿ ಸಲ ಎಬ್ಬಿಸಿದಾಗಲೂ ಅದರ ಮೈಯ ಶಕ್ತಿ ಖರ್ಚಾಗುತ್ತದೆ, ಮೇಯುವ ಹೊತ್ತು ಹೋಗುತ್ತದೆ. ಮಾರ್ಚ್‌ನಲ್ಲಿ ಹಿಮಾಲಯ ದಾಟಬೇಕಾದ ಹೆಬ್ಬಾತಿಗಂತೂ ಚಳಿಗಾಲದಲ್ಲಿ ತಿಂದ ಪ್ರತಿ ಕಾಳೂ ದಾರಿಯ ಬುತ್ತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತೆಗೆದು ನೋಡಿ. ಬೇಟೆ ಅನ್ನುವ ಪದದ ಅರ್ಥದಲ್ಲಿ ಪ್ರಾಣಿಯನ್ನು ಬೆನ್ನಟ್ಟುವುದು, ಓಡಿಸುವುದೂ ಸೇರಿದೆ.

ಕಾಕಾ ಅವರ ನಿಯಮ ಒಂದೇ. ಹಕ್ಕಿ ತಲೆ ಎತ್ತಿ ನೋಡಿದರೆ ತೆಪ್ಪ ನಿಲ್ಲುತ್ತದೆ. ಒಂದು ಹೆಜ್ಜೆ ಸರಿದರೆ ತೆಪ್ಪ ಹಿಂದಕ್ಕೆ ಹೋಗುತ್ತದೆ. "ಎಬ್ಬಸಬ್ಯಾಡ್ರಿ. ತಾವಾಗೇ ಏಳ್ತಾವ. ಕುಂದರ್ರಿ ಸುಮ್ಮ." ಹೌದು, ತಾವಾಗಿಯೇ ಏಳುತ್ತವೆ. ಮೇಲೆ ಒಂದು ಗಿಡುಗ ಸುಳಿದರೆ ಸಾಕು, ಸಾವಿರ ರೆಕ್ಕೆ ಒಟ್ಟಿಗೆ ಬಿಚ್ಚುತ್ತವೆ. ಅದಕ್ಕಾಗಿ ಎರಡು ತಾಸು ಕೂರುವ ತಾಳ್ಮೆ ನಿಮಗಿರಬೇಕು. ಇಲ್ಲದವರಿಗೆ ಈ ಸೇವೆ ಹಿಡಿಸುವುದಿಲ್ಲ. ದುಡ್ಡು ದಂಡ ಅನ್ನಿಸಬಹುದು.

ತೆಪ್ಪದ ಬಗ್ಗೆ. ಬಿದಿರಿನ ಹೆಣಿಗೆ, ಮೇಲೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದದ್ದು. ದುಂಡಗಿರುವುದರಿಂದ ಸುಮ್ನೆ ಬಿಟ್ಟರೆ ತಿರುಗುತ್ತದೆ. ಫೋಟೋ ತೆಗೆಯುವ ಜಾಗದಲ್ಲಿ ಕಾಕಾ ಎರಡೂ ಕಡೆ ಹಗ್ಗಕ್ಕೆ ಕಲ್ಲು ಕಟ್ಟಿ ಬಿಡುತ್ತಾರೆ. ಆಗ ಅಷ್ಟಾಗಿ ತಿರುಗುವುದಿಲ್ಲ. ಆದರೂ ಸಣ್ಣ ತೂಗಾಟ ಇದ್ದೇ ಇರುತ್ತದೆ. ಹಾಗಾಗಿ ತೆಪ್ಪದಿಂದ ನಿಧಾನ ಶಟರ್‌ನ ಫೋಟೋ ಸಾಧ್ಯವಿಲ್ಲ. ಹಾರುವ ಹಿಂಡಿಗೆ ಸೆಕೆಂಡಿನ 2000ದಲ್ಲಿ ಒಂದು ಭಾಗ ಇಟ್ಟುಕೊಳ್ಳಿ. ರೆಕ್ಕೆ ಮಸುಕಾಗಿ ನೀರಿನ ಗೆರೆಯಂತೆ ಕಾಣುವ ಫೋಟೋ ಬೇಕಿದ್ದರೆ 30ರಿಂದ 60ರಲ್ಲಿ ಒಂದು ಭಾಗಕ್ಕೆ ಇಳಿಸಿ, ಹಿಂಡಿನ ಜೊತೆಗೇ ಕ್ಯಾಮೆರಾ ತಿರುಗಿಸಬೇಕು. ಅದನ್ನು ಮರೆಯಲ್ಲಿ ಕೂತು ಮಾಡಿ.

ಹೊಸಬರಿಗೆ ಇನ್ನೊಂದು ಮಾತು. ದೊಡ್ಡ ಲೆನ್ಸ್ ಇಲ್ಲ ಅಂತ ಹೋಗದೆ ಇರಬೇಡಿ. ಒಂಟಿ ಹಕ್ಕಿಗೆ 500 ಎಂಎಂ ಬೇಕು, ನಿಜ. ಹಿಂಡಿಗೆ ಅದು ಅಡ್ಡಿಯೇ. ನನ್ನ ಕ್ಯಾಮೆರಾದಲ್ಲಿ 100 ಮೀಟರ್ ದೂರದ ಹಿಂಡಿಗೆ 500 ಎಂಎಂ, ಎಫ್8 (ಲೆನ್ಸಿನ ಕಿಂಡಿಯ ಅಳತೆ) ಇಟ್ಟರೆ ಸ್ಪಷ್ಟವಾಗಿ ಬರುವುದು ಸುಮಾರು 13 ಮೀಟರ್ ದಪ್ಪದ ಪಟ್ಟಿ ಮಾತ್ರ. ಮುಂದಿನ ಸಾಲಿನ ಹಕ್ಕಿ ಚೆನ್ನ, ಹಿಂದಿನವು ಮಸುಕು. ಅದೇ ಜಾಗದಲ್ಲಿ 100 ಎಂಎಂಗೆ ಇಳಿದರೆ ಸುಮಾರು 40 ಮೀಟರ್‌ನಿಂದ ಹಿಡಿದು ದೂರದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟ. ಹಿಂಡಿನ ದೊಡ್ಡತನ ಕಾಣುವುದೂ ಅಗಲವಾದ ಫೋಟೋದಲ್ಲೇ. ಲ್ಯಾಬ್ ಗೋಡೆಯ ಮೇಲಿನ ಆ ಹೆಬ್ಬಾತಿನ ಫೋಟೋ 70-300ರದು. ದೊಡ್ಡ ಲೆನ್ಸ್ ಆ ಹೊತ್ತು ಚೀಲದಲ್ಲೇ ಇತ್ತು.

ಬೆಳಕಿನ ಅಳತೆಯಲ್ಲೂ ಎಚ್ಚರ ಬೇಕು. ಬೆಳ್ಳನೆಯ ಆಕಾಶದ ಎದುರು ಹಾರುವ ಹಿಂಡನ್ನು ಕ್ಯಾಮೆರಾ ಕಪ್ಪು ಮಾಡುತ್ತದೆ, ಬೆಳಕನ್ನು ಒಂದು ಸ್ಟಾಪ್, ಅಂದರೆ ಎರಡರಷ್ಟು, ಹೆಚ್ಚಿಸಿ. ಹಿಂದೆ ಕಪ್ಪು ನೀರಿದ್ದಾಗ ರಾಜಹಂಸದ ಬಿಳುಪು ಸುಟ್ಟು ಹೋಗುತ್ತದೆ, ಆಗ ಇಳಿಸಿ. ಮತ್ತೆ, ಒಂಬತ್ತೂವರೆಯ ನಂತರ ಫೋಟೋ ಆಸೆ ಬಿಡಿ. ಕೆಸರು ಕಾದು ಬಿಸಿಗಾಳಿ ಅಲೆಅಲೆಯಾಗಿ ಏಳುತ್ತದೆ. ಎಷ್ಟೇ ದುಬಾರಿ ಲೆನ್ಸ್ ಇದ್ದರೂ ದೂರದ ಹಕ್ಕಿ ನೀರಲ್ಲಿ ಅದ್ದಿದ ಹಾಗೆ ಬರುತ್ತದೆ. ನಾನು ಮೊದಲು ಲೆನ್ಸ್ ಕೆಟ್ಟಿದೆ ಅಂತ ರಿಪೇರಿಗೆ ಕೊಡಲು ಹೊರಟಿದ್ದೆ. ಕಾಕಾ ಹೇಗೂ ಒಂಬತ್ತೂವರೆಗೆ ದಂಡೆಗೆ ಕರೆತರುತ್ತಾರೆ.

ಆಮೇಲೆ ಊಟ. ಇದಕ್ಕೆ ಬೇರೆ ದುಡ್ಡಿಲ್ಲ. ಅವರ ಮನೆಯವರು ಕಟ್ಟಿ ಕಳಿಸಿದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕಡಿಯಲು ಉಳ್ಳಾಗಡ್ಡಿ. ಸಂಕ್ರಾಂತಿಯ ವಾರ ಹೋದಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇತ್ತು. ನಾನು ಮೀನು ತಿನ್ನುವುದಿಲ್ಲ ಅಂತ ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದರು. ಆಮೇಲೆ ಮತ್ತೆ ಹೇಳಬೇಕಾಗಿ ಬರಲಿಲ್ಲ.

ಕೊರತೆಗಳನ್ನೂ ನೇರವಾಗಿ ಹೇಳುತ್ತೇನೆ. ಮೊದಲ ಎರಡು ಸಲ ತೆಪ್ಪದಲ್ಲಿ ಲೈಫ್ ಜಾಕೆಟ್ ಇರಲಿಲ್ಲ. ಇದು ಸಣ್ಣ ವಿಷಯವಲ್ಲ. ಮುಳುಗಿದ ಬಾವಿ, ಬೇಲಿಯ ಕಲ್ಲು ಎಲ್ಲ ಇರುವ ನೀರು ಅದು. ನಾನು ಹೇಳಿದ ಮೇಲೆ ಎರಡು ಜಾಕೆಟ್ ತಂದಿಟ್ಟಿದ್ದಾರೆ, ಆದರೆ ಕೇಳಿದರೆ ಮಾತ್ರ ಕೊಡುತ್ತಾರೆ. ತಾವು ಹಾಕಿಕೊಳ್ಳುವುದಿಲ್ಲ. ದಯವಿಟ್ಟು ಕೇಳಿ ಹಾಕಿಕೊಳ್ಳಿ. ಹೆಂಗಸರಿಗೆ ಶೌಚಾಲಯದ ವ್ಯವಸ್ಥೆ ಇಲ್ಲ. ಊರೊಳಗೆ ಅವರ ಮನೆಗೆ ಹೋಗಬೇಕು, ಅದು ದಂಡೆಯಿಂದ ಹದಿನೈದು ನಿಮಿಷದ ನಡಿಗೆ. ನಾನು ಹೋಗುವ ಮುಂಚೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತೇನೆ. ಅದು ಸರಿಯಲ್ಲ ಅಂತ ಗೊತ್ತು. ಮರೆಯ ಹತ್ತಿರ ಒಂದು ತಾತ್ಕಾಲಿಕ ಕೋಣೆ ಕಟ್ಟಿಸಿದರೆ ಇನ್ನೂರು ರೂಪಾಯಿ ಹೆಚ್ಚಿಗೆ ಕೊಡಲು ನಾನು ತಯಾರಿದ್ದೇನೆ. ಅವರ ಮನೆಯವರಿಗೇ ಇದನ್ನು ಹೇಳಿ ಬಂದಿದ್ದೇನೆ. ಗಾಳಿ ಜೋರಿದ್ದರೆ ಹಿಂದಿನ ರಾತ್ರಿ ಫೋನ್ ಮಾಡಿ ಬೇಡ ಅನ್ನುತ್ತಾರೆ. ದೂರದಿಂದ ಬರುವವರಿಗೆ ತೊಂದರೆ, ಆದರೆ ಅದು ಕೊರತೆ ಅಂತ ನಾನು ಎಣಿಸುವುದಿಲ್ಲ.

ಸಂಜೆ ಸುತ್ತು 500 ರೂಪಾಯಿ. ನೀರಿನ ಹಕ್ಕಿಗೆ ಅದು ಅಷ್ಟು ಲಾಭವಲ್ಲ. ಬೆಳಕು ಪಡುವಣದಲ್ಲಿ, ಗಾಳಿ ಮೂಡಣದಲ್ಲಿ. ಬೆಳಕಿನ ಕಡೆ ಕೂತರೆ ಹಕ್ಕಿಯ ಬೆನ್ನು, ಮುಖದ ಕಡೆ ಕೂತರೆ ಬರೀ ಕಪ್ಪು ನೆರಳು. ಆದರೆ ಜೋಳ ಹಾಲುಗಟ್ಟುವ ಹೊತ್ತಿಗೆ, ಸೀತನಿ (ಎಳೆ ಜೋಳದ ತೆನೆ) ಸುಡುವ ದಿನಗಳಲ್ಲಿ, ಒಂದು ಸಂಜೆ ಹೋಗಲೇಬೇಕು. ಗುಲಾಬಿ ಕಬ್ಬಕ್ಕಿಗಳಿಗಾಗಿ. ಯುರೋಪಿನ ಮೂಡಣ ಅಂಚು, ಮಧ್ಯ ಏಷ್ಯಾಗಳಿಂದ ಬರುವ ಹಕ್ಕಿ. ಮೈ ಗುಲಾಬಿ, ತಲೆ ರೆಕ್ಕೆ ಕಪ್ಪು. ರಾತ್ರಿ ತಂಗಲು ಒಂದೇ ಜಾಗಕ್ಕೆ ಸೇರುವಾಗ ಆಕಾಶದಲ್ಲಿ ಹೊಗೆಯಂತೆ ಸುತ್ತಿ, ಹಿಗ್ಗಿ, ಕುಗ್ಗಿ, ಒಮ್ಮೆಲೇ ಜಾಲಿ ಗಿಡಗಳ ಮೇಲೆ ಸುರಿಯುತ್ತವೆ. ಕಪ್ಪು ನೆರಳಾದರೇನೇ ಆ ಫೋಟೋ ಚಂದ. ರೈತರಿಗೆ ಇವು ತಲೆನೋವು. ಕವಣೆ ಬೀಸಿ, ಡಬ್ಬಿ ಬಡಿದು ಓಡಿಸುತ್ತಾರೆ. ಅವರ ನೋವು ನಿಜ. ಇದೇ ಹಕ್ಕಿ ಮಿಡತೆಯನ್ನೂ ರಾಶಿರಾಶಿ ತಿನ್ನುತ್ತದೆ ಅನ್ನುವುದೂ ನಿಜ. ಯಾರದಾದರೂ ಹೊಲದ ಬದುವಿನಲ್ಲಿ ನಿಲ್ಲುವ ಮುಂಚೆ ಮಾತಾಡಿಸಿ, ಒಪ್ಪಿಗೆ ಕೇಳಿ. ಕಾಕಾ ಅದನ್ನೂ ತಾವೇ ಮಾಡಿಕೊಡುತ್ತಾರೆ.

ಫೋಟೋ ಚಂದಕ್ಕೆ ಮಾತ್ರ ಅಲ್ಲ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ. ಹಾರುವ ಹಿಂಡನ್ನು ಕಣ್ಣಲ್ಲಿ ಎಣಿಸುವುದು ಕಷ್ಟ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿ, ಅಂಥ ಎಷ್ಟು ತುಂಡು ಇದೆ ಅಂತ ಅಂದಾಜು ಮಾಡುತ್ತಾರೆ. ಅಗಲವಾದ, ಎಲ್ಲ ಹಕ್ಕಿಯೂ ಸ್ಪಷ್ಟ ಇರುವ ಒಂದು ಫೋಟೋ ಇದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದಕ್ಕೂ ಚುಕ್ಕೆ ಇಟ್ಟು ಎಣಿಸಬಹುದು. ನನ್ನ ಒಂಬತ್ತನೇ ತರಗತಿಯ ಮಕ್ಕಳು ಆ ಡಿಸೆಂಬರ್ ಫೋಟೋದಲ್ಲಿ ಹಾಗೆ ಎಣಿಸಿದರು. ನಾನು ಅಂದಾಜು 300 ಅಂದಿದ್ದೆ. ಅವರಿಗೆ ಸಿಕ್ಕಿದ್ದು 412. ಎರಡು ಸಲ ಎಣಿಸಿದರು. ಕಾಕಾಗೆ ಆ ಸಂಖ್ಯೆ ಹೇಳಿದೆ. ಅವರು "ಅಷ್ಟ ಇರ್ತಾವ್ರಿ" ಅಂದರು, ಮೊದಲೇ ಗೊತ್ತಿದ್ದವರ ಹಾಗೆ.

ಹೆಬ್ಬಾತು ಬೇಕಾದವರು ಡಿಸೆಂಬರ್, ಜನವರಿಯಲ್ಲಿ ಹೋಗಿ. ರಾಜಹಂಸಕ್ಕೆ ಜನವರಿ ಕೊನೆಯ ತನಕ ಕಾಯಬೇಕು, ನೀರು ಇಳಿದಂತೆ. ಕಪ್ಪು, ಕಂದು, ಬೂದು ಬಟ್ಟೆ ಹಾಕಿಕೊಳ್ಳಿ. ಡ್ರೋನ್ ತಂದರೆ ಕಾಕಾ ತೆಪ್ಪ ಇಳಿಸುವುದೇ ಇಲ್ಲ. ನಂಬರ್ ಬೇಕಾದವರು ನನ್ನನ್ನು ಕೇಳಿ. ಅವರನ್ನು ಕೇಳಿಯೇ ಕೊಡುತ್ತೇನೆ.

ಇದನ್ನು ಬರೆಯುತ್ತಿರುವಾಗಲೇ ಅವರ ಮೊಮ್ಮಗನ ಫೋನಿನಿಂದ ಕರೆ ಬಂತು. ಕಾಕಾನೇ ಮಾತಾಡಿದರು. "ಅಕ್ಕೋರ, ಸಾಲಿ ದಿಬ್ಬಿ ಎದ್ದೈತಿ. ಐತ್ವಾರ ಬರ್ರಿ."